ಬೆಳಕು ಎಣಿಸುವ ಊರಿಗೆ ಹೋಗಿ ಬಂದೆ

ವಿಮಾನದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ನೋಡಲಿಕ್ಕೆ ಸಿಗುತ್ತದೆ. ಕಿಟಕಿಯ ಹೊರಗೆ ಮೋಡ, ಒಳಗೆ ಬಾಯಿ ತೆರೆದು ಮಲಗಿದ ಜನ, ಅಷ್ಟೇ. ಆದ್ದರಿಂದ ಅದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ನಾನು ಓದಿದ್ದು ಮೂರನೇ ಇಯತ್ತೆ. ನಾನು ಹೇಳಿದ್ದನ್ನು ನಮ್ಮೂರ ಶಾಲೆಯ ಟೀಚರ್ ಬಾಯಿಯವರು ಪುಸ್ತಕದ ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಅಲ್ಲಲ್ಲಿ ‘ರಮಣೀಯ’ ಎಂದು ಸೇರಿಸಿದ್ದರು. ತೆಗೆಸಿದ್ದೇನೆ. ಜನರ ಮಾತು ಬಂದಲ್ಲಿ ಮಾತ್ರ ತಿದ್ದಬೇಡಿ, ಆಡಿದ ಹಾಗೇ ಇರಲಿ ಎಂದೆ.

ಮನೆ

ರೀಟಾ ನನ್ನ ಮಗಳು ಲೂಸಿಯ ಮಗಳು. ಜರ್ಮನಿಯಲ್ಲಿ ಬೆಳಕಿನ ಬಗ್ಗೆ ಓದುತ್ತಾಳೆ. ದೀಪದ ಬಗ್ಗೆ ಅಲ್ಲ, ಬೆಳಕಿನ ಬಗ್ಗೆ. ಇದನ್ನು ನಮ್ಮ ಕೇರಿಯಲ್ಲಿ ಎಷ್ಟು ಸಲ ಹೇಳಿದರೂ ‘ಕೆಇಬಿಯಾಗ ನೌಕರಿ ಸಿಗ್ತೈತೇನು?’ ಎಂದೇ ಕೇಳುತ್ತಾರೆ.

ಚಳಿಗಾಲದಲ್ಲಿ ಅವಳು ಮಂಜಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಒಂದು ಕೈಯಲ್ಲಿ ಅಕ್ಕಿ ತೊಳೆಯಲಿಕ್ಕೂ ಬರುವುದಿಲ್ಲ, ಜಡೆ ಹಾಕಲಿಕ್ಕೂ ಬರುವುದಿಲ್ಲ. ಲೂಸಿಗೆ ಅಂಗನವಾಡಿಯಿಂದ ರಜೆ ಸಿಗಲಿಲ್ಲ. ಅವಳು ಫೋನಿನಲ್ಲಿ ಅಳುತ್ತ ಕೂತಳು. ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ.

“ನಾ ಹೋಗ್ತೇನಿ, ಬಿಡು,” ಎಂದೆ.

“ನಿನಗ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಾಗ ದಾರಿ ತಪ್ಪಿತ್ತವ್ವ.”

“ಅಲ್ಲಿ ದಾರಿ ಹೇಳೂ ಮಂದಿ ಭಾಳ ಇದ್ರು, ಒಬ್ಬೊಬ್ಬರು ಒಂದೊಂದು ಹೇಳಿದ್ರು. ಜರ್ಮನಿಯಾಗ ಯಾರಿಗೂ ಕನ್ನಡ ಬರೂದಿಲ್ಲ. ಯಾರೂ ದಾರಿ ತಪ್ಪಸೂದಿಲ್ಲ.”

ಪಾಸ್‌ಪೋರ್ಟನ್ನು ರೀಟಾ ಮೊದಲೇ ಮಾಡಿಸಿಟ್ಟಿದ್ದಳು, ಅವಳಿಗೆ ಪದವಿ ಕೊಡುವ ದಿನ ನಾನು ಅಲ್ಲಿರಬೇಕು ಎಂದು. ಅದು ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿತ್ತು.

ಚೀಲದಲ್ಲಿ ಮುರುಗಲ ಸಿಪ್ಪೆ, ಬೆಳ್ಳುಳ್ಳಿ ಚಟ್ನಿಪುಡಿ, ಒಂದು ಕೌದಿ ಹಾಕಿದೆ. ಹಳೇ ಸೀರೆಗಳ ತುಂಡು ಜೋಡಿಸಿ ನಾನೇ ಹೊಲಿದ ಕೌದಿ. ಕೊರಳಿಗೆ ಜಪಮಾಲೆ. ನಾವು ಸಿದ್ದಿಗಳಲ್ಲಿ ಇಗರ್ಜಿಗೆ ಹೋಗುವ ಮನೆತನದವರು. ನನ್ನ ಜಪಮಾಲೆ ಹಳಿಯಾಳದಲ್ಲಿ ಇಗರ್ಜಿ ಹಬ್ಬದ ದಿನ ಕೊಂಡದ್ದು, ರೇಡಿಯಂ ಮಣಿಯದು. ಹಗಲಿನಲ್ಲಿ ಹಳಸಿದ ಹಾಲಿನ ಬಣ್ಣ. ಕರೆಂಟು ಹೋದರೆ ಹಸಿರಾಗಿ ಹೊಳೆಯುತ್ತದೆ. ನಮ್ಮ ಕಡೆ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಅದರ ಬೆಳಕಿನಲ್ಲಿ ನಾನು ಬೆಂಕಿಪೆಟ್ಟಿಗೆ ಹುಡುಕುತ್ತೇನೆ. ದೇವರ ಕೆಲಸವೂ ಆಯಿತು, ಮನೆ ಕೆಲಸವೂ ಆಯಿತು.

ಗೋವಾ: ಗಾಲಿ ಕುರ್ಚಿ

ರಾಮನಗರ ದಾಟಿ, ಅನಮೋಡ ಘಾಟ್ ಇಳಿದು ಗೋವಾ ವಿಮಾನ ನಿಲ್ದಾಣಕ್ಕೆ ಬಂದೆ. ರೀಟಾ ನನಗೆ ಹೇಳದೆ ಗಾಲಿ ಕುರ್ಚಿ ಬುಕ್ ಮಾಡಿದ್ದಳು. ಒಬ್ಬ ಹುಡುಗ ಅದನ್ನು ತಳ್ಳಿಕೊಂಡು ಬಂದು ಕೂತುಕೊಳ್ಳಿ ಎಂದ. ನನ್ನ ಕಾಲು ಗಟ್ಟಿ ಇವೆ. ಈಗಲೂ ಕಾಡಿನಿಂದ ಸೌದೆ ಹೊರೆ ಹೊತ್ತು ತರುತ್ತೇನೆ. ಬೇಡ ಎಂದೆ. ಅವನು ನನ್ನ ಮುಂದಿದ್ದ ಸಾಲನ್ನು ತೋರಿಸಿದ. ಉಳವಿ ಜಾತ್ರೆಯ ದಿನ ಪ್ರಸಾದಕ್ಕೂ ಅಷ್ಟು ಮಂದಿ ಇರುವುದಿಲ್ಲ. ಕೂತೆ. ಸಾಲನ್ನೆಲ್ಲ ದಾಟಿಸಿ ಮುಂದೆ ಒಯ್ದ. ವಾಪಸ್ ಬರುವಾಗ ನಾನೇ ಕೇಳಿ ಕೂತಿದ್ದೇನೆ.

ಪಾಸ್‌ಪೋರ್ಟಿನ ಕಿಟಕಿಯಲ್ಲಿದ್ದವ ನನ್ನ ಮುಖ ನೋಡಿದ, ಪುಸ್ತಕ ನೋಡಿದ, ಮತ್ತೆ ಮುಖ ನೋಡಿದ. ಇಂಗ್ಲಿಷಿನಲ್ಲಿ ಏನೋ ಕೇಳಿದ. ಕುರ್ಚಿ ತಳ್ಳುವ ಹುಡುಗ ಕಾರವಾರ ಕಡೆಯವನು, ಹೇಳಿದ: “ಅಜ್ಜಿ, ನಿಮ್ಮ ದೇಶ ಯಾವುದು ಅಂತ ಕೇಳ್ತಾ ಇದ್ದಾರೆ.”

“ಹಳಿಯಾಳ ತಾಲೂಕು.”

“ಅದಲ್ಲ, ಮೂಲ ದೇಶ.”

“ಮೂಲ ಹಳಿಯಾಳ ತಾಲೂಕು. ಅವರದು ಯಾವುದಂತ ಕೇಳು.”

ಹುಡುಗ ಕೇಳಲಿಲ್ಲ. ಠಸ್ಸೆ ಬಿತ್ತು. ನಮ್ಮ ಕೂದಲು, ಬಣ್ಣ ನೋಡಿ ಆಫ್ರಿಕಾದವರು ಎನ್ನುವುದು ನಮಗೆ ಹೊಸದಲ್ಲ. ಹಿರಿಯರನ್ನು ಯಾವುದೋ ಕಾಲಕ್ಕೆ ಹಡಗಿನಲ್ಲಿ ತಂದರಂತೆ. ಯಾವ ಊರಿನಿಂದ ಎಂದು ತಂದವರೂ ಬರೆದಿಡಲಿಲ್ಲ, ಬಂದವರೂ ಹೇಳಲಿಲ್ಲ. ನಾನೇನು ಮಾಡಲಿ?

ನದಿಯೂರು: ಕೆಂಪು ದೀಪ

ರೀಟಾಳ ಊರಿನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಊರ ನಡುವೆ ಹೊಳೆ ಇದೆ, ಆದ್ದರಿಂದ ನದಿಯೂರು ಎನ್ನುತ್ತೇನೆ. ಹೊಳೆ ನಮ್ಮ ಕಾಳಿಯಷ್ಟು ಅಗಲ ಇಲ್ಲ. ಅದರಲ್ಲಿ ಮೊಸಳೆಯೂ ಇಲ್ಲ. ಆದರೂ ದಂಡೆಗೆ ಕಬ್ಬಿಣದ ಕಂಬಿ ಹಾಕಿದ್ದಾರೆ. ದಾಂಡೇಲಿಯಲ್ಲಿ ಮೊಸಳೆ ಇವೆ, ಕಂಬಿ ಇಲ್ಲ.

ಮೊದಲ ದಿನವೇ ಬೈಸಿಕೊಂಡೆ. ರಸ್ತೆ ದಾಟುವಲ್ಲಿ ಕೆಂಪು ದೀಪ ಇತ್ತು. ಆಚೆ ಈಚೆ ನೋಡಿದೆ, ಒಂದು ಗಾಡಿಯೂ ಇಲ್ಲ, ದನವೂ ಇಲ್ಲ. ದಾಟಿದೆ. ಹಿಂದಿನಿಂದ ಒಬ್ಬ ಮುದುಕ ಕೂಗಿದ. ತಿರುಗಿ ನೋಡಿದರೆ ಆ ಖಾಲಿ ರಸ್ತೆಯ ದಂಡೆಗೆ ಹತ್ತಾರು ಜನ ಗೊಂಬೆಗಳ ಹಾಗೆ ನಿಂತಿದ್ದಾರೆ. ರೀಟಾ ಪ್ಲಾಸ್ಟರಿನ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

“ಅಜ್ಜಿ, ಸಣ್ಣ ಹುಡುಗೂರು ನೋಡ್ತಿರ್ತಾರ, ನೀ ಹಂಗ ದಾಟಬಾರದು.”

“ಯಾವ ಹುಡುಗೂರು? ಒಂದೂ ಇಲ್ಲಲ್ಲ ಇಲ್ಲಿ.”

“ಇದ್ದಿದ್ರ ನೋಡ್ತಿದ್ರು.”

ಇಲ್ಲದ ಗಾಡಿಗೆ ನಿಲ್ಲುವುದು, ಇಲ್ಲದ ಮಕ್ಕಳಿಗೆ ನಾಚುವುದು. ಕಣ್ಣಿಗೆ ಕಾಣದ್ದರ ಮೇಲೆ ಈ ಜನಕ್ಕೆ ಬಹಳ ನಂಬಿಕೆ. ರೀಟಾಳ ಕೆಲಸ ನೋಡಿದ ಮೇಲೆ ಇದು ನನಗೆ ಇನ್ನೂ ಚೆನ್ನಾಗಿ ಅರ್ಥವಾಯಿತು.

ಅವರ ರೊಟ್ಟಿ ಇಟ್ಟಿಗೆ. ಅದರ ಬಗ್ಗೆ ಇಷ್ಟು ಸಾಕು.

ಸಂತೆಯಲ್ಲಿ ಒಬ್ಬ ಆಫ್ರಿಕಾದ ಹೆಂಗಸು ಬಾಳೆಕಾಯಿ ಮಾರುತ್ತಿದ್ದಳು. ನನ್ನನ್ನು ಕಂಡದ್ದೇ ಅಕ್ಕ ಸಿಕ್ಕ ಹಾಗೆ ಓಡಿ ಬಂದು ತಬ್ಬಿಕೊಂಡು ತನ್ನ ಭಾಷೆಯಲ್ಲಿ ಗಳಗಳ ಮಾತಾಡಿದಳು. ನಾನು ನನ್ನ ಭಾಷೆಯಲ್ಲಿ ಮಾತಾಡಿದೆ. ಒಬ್ಬರದು ಒಬ್ಬರಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಕೊನೆಗೆ ನಾನು ಕಾಯಿಯನ್ನು ಹಿಸುಕಿ ನೋಡಿ ಬಲಿತಿಲ್ಲ ಎಂದು ಮುಖ ಸಿಂಡರಿಸಿದೆ. ಅದು ಅವಳಿಗೆ ತಕ್ಷಣ ಗೊತ್ತಾಯಿತು. ಒಳಗಿನ ಬುಟ್ಟಿಯಿಂದ ಒಳ್ಳೆಯದು ತೆಗೆದುಕೊಟ್ಟಳು.

ನದಿಯೂರು: ಭಾನುವಾರ

ಭಾನುವಾರ ಅಲ್ಲಿ ಸದ್ದು ಮಾಡಬಾರದಂತೆ. ನನಗೆ ಯಾರೂ ಹೇಳಿರಲಿಲ್ಲ. ಇಗರ್ಜಿಯ ಪೂಜೆ ಮುಗಿಸಿ ಬಂದು ರೀಟಾಳ ಪುಟ್ಟ ಕಲ್ಲಿನಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದೆ. ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಹೆಲ್ಗಾ ಬಾಯಿ, ನನ್ನ ವಯಸ್ಸಿನವಳೇ, ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ಒಳಗೆ ಬಂದಳು. ಕಲ್ಲು ನೋಡಿದಳು, ಮೆಣಸಿನ ಘಾಟಿಗೆ ಕೆಮ್ಮಿದಳು. ಆಮೇಲೆ ನನ್ನ ಕೌದಿ ಕಣ್ಣಿಗೆ ಬಿತ್ತು. ಕೆಮ್ಮುತ್ತಲೇ ಅದನ್ನು ತಿರುಗಿಸಿ ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿದಳು. ಹಿಂಬದಿ ನೋಡುವವಳೇ ಹೊಲಿಗೆ ಬಲ್ಲವಳು.

ಕೌದಿಯ ಮೂಲೆಯಲ್ಲಿ ಬಟ್ಟೆ ಮಡಚಿ ಹೊಲಿದ ಹೂವಿನ ಮೇಲೆ ಬೆರಳಿಟ್ಟು ಇದೇಕೆ ಎಂಬಂತೆ ನೋಡಿದಳು. ಅದನ್ನು ನಾವು ಫುಲಾ ಎನ್ನುತ್ತೇವೆ. ನಾಲ್ಕೂ ಮೂಲೆಗೆ ಫುಲಾ ಹಾಕದ ಕೌದಿ ಬತ್ತಲೆ ಇದ್ದಂತೆ, ಯಾರಿಗೂ ಹೊದಿಸಬಾರದು. ಕೈಸನ್ನೆಯಲ್ಲಿ ಬತ್ತಲೆ ಎಂದು ಹೇಳುವುದು ಹೇಗೆ? ಪ್ರಯತ್ನ ಮಾಡಿದೆ. ಹೆಲ್ಗಾ ಬಾಯಿ ಭಾನುವಾರದ ನಿಯಮ ಮರೆತು ಜೋರಾಗಿ ನಕ್ಕಳು.

ಕತ್ತಲ ಕೋಣೆ

ರೀಟಾಗೆ ಒಂದೇ ಕೈ ಇದ್ದದ್ದರಿಂದ ನಾನು ಬುತ್ತಿ ಹೊತ್ತುಕೊಂಡು ಅವಳ ಜೊತೆ ಪ್ರಯೋಗಶಾಲೆಗೆ ಹೋಗತೊಡಗಿದೆ. ಅವಳ ಮೇಲಿನವಳು ಇಂಗ್ರಿಡ್ ಬಾಯಿ, ಗಂಡಸಿನಂತೆ ಕತ್ತರಿಸಿದ ಕೂದಲು, ಮಾತು ಕಡಿಮೆ. ಜೊತೆಗಾರ ಥಾಮಸ್, ಬಿದಿರಿನಂತೆ ಉದ್ದ. ಇಬ್ಬರೂ ನನ್ನನ್ನು ಒಂದು ಸ್ಟೂಲ್ ಮೇಲೆ ಕೂರಿಸಿ ಕಾಫಿ ಕೊಟ್ಟು ಮರೆತುಬಿಡುತ್ತಿದ್ದರು. ಒಳ್ಳೆಯ ಜನ.

ಕೋಣೆಯಲ್ಲಿ ಕಿಟಕಿ ಇಲ್ಲ. ಕಬ್ಬಿಣದ ದೊಡ್ಡ ಮೇಜು, ಅದರ ಮೇಲೆ ಸಣ್ಣ ಸಣ್ಣ ಕನ್ನಡಿ, ಒಂದು ಮೂಲೆಗೆ ಸರಳುಗಳ ಚೌಕಟ್ಟಿನ ಮೇಲೆ ಕಪ್ಪು ಬಟ್ಟೆ ಹೊದಿಸಿ ಗುಡಿಸಲಿನ ಹಾಗೆ ಮಾಡಿದ್ದರು.

“ಇಲ್ಲೊಂದು ವಜ್ರ ಐತಿ ಅಜ್ಜಿ,” ಎಂದಳು ರೀಟಾ, ಒಂದು ಗಾಜಿನ ತುಂಡು ತೋರಿಸಿ.

“ಎಲ್ಲಿ?”

“ಕಣ್ಣಿಗೆ ಕಾಣೂದಿಲ್ಲ.”

“ಕಾಣದ ವಜ್ರ ಇಟಗೊಂಡು ಏನ್ ಮಾಡ್ತಿ? ಅಡ ಇಡಾಕೂ ಬರೂದಿಲ್ಲ.”

ಅವಳು ಹೇಳಿದ್ದು ನನಗೆ ತಿಳಿದಷ್ಟು ಹೀಗೆ. ಅದು ವಜ್ರದ ಹುಡಿ. ಆ ಹುಡಿಯ ಒಳಗೆ ಒಂದು ಕಡೆ ಒಂದು ಕಣ ಇರಬೇಕಾದಲ್ಲಿ ಇಲ್ಲ, ಪಕ್ಕದಲ್ಲಿ ಬೇರೆ ಜಾತಿಯ ಕಣ ಬಂದು ಕೂತಿದೆ. ನಮ್ಮ ಕಡೆ ಅಕ್ಕಸಾಲಿ ಅದನ್ನು ಕುಂದು ಎಂದು ತಳ್ಳುತ್ತಾನೆ. ಇವರು ಆ ಕುಂದನ್ನೇ ಹುಡುಕಿ ಹುಡುಕಿ ಇಟ್ಟುಕೊಂಡಿದ್ದಾರೆ. ಅದಕ್ಕೆ ಹಸಿರು ಬೆಳಕು ತಾಗಿಸಿದರೆ ನುಂಗಿ, ಕೆಂಪು ಬೆಳಕು ಉಗುಳುತ್ತದೆ. ಅದೂ ಒಂದೊಂದೇ ಕಾಳಾಗಿ.

“ಬೆಳಕಿಗೆ ಕಾಳು ಇರ್ತಾವೇನ?”

“ಇರ್ತಾವ. ದೀಪದಾಗ ಚೀಲ ಹರಿದಂಗ ಸುರೀತಾವ, ಅದಕ್ಕ ನಮಗ ತಿಳಿಯೂದಿಲ್ಲ. ಈ ವಜ್ರ ಒಂದು ಕಾಳು ಉಗುಳಿತಂದ್ರ, ಇನ್ನೊಂದು ಉಗುಳಾಕ ಮತ್ತ ನುಂಗಬೇಕು. ಎರಡು ಒಮ್ಮಿಗೇ ಬರೂದಿಲ್ಲ.”

“ಅದರಿಂದ ಯಾರಿಗೆ ಏನ್ ಉಪಯೋಗ?”

“ಒಂದೊಂದ ಕಾಳಿನ ಮ್ಯಾಲೆ ಸುದ್ದಿ ಕಳಸಬಹುದು. ನಡುವ ಯಾರರ ಕದ್ದು ನೋಡಿದ್ರ ಕಾಳು ಕೆಡತೈತಿ, ನಮಗ ಗೊತ್ತಾಗತೈತಿ. ಕ್ವಾಂಟಮ್ ಅಂತಾರಲ್ಲ, ಅದು ಇದ.”

ನಮ್ಮ ಕೇರಿಯ ಸುದ್ದಿಗೆ ಇದು ಆಗುವುದಿಲ್ಲ. ಅಲ್ಲಿ ನಡುವೆ ಕದ್ದು ಕೇಳುವವರೇ ಸುದ್ದಿಯನ್ನು ಮುಂದಕ್ಕೆ ಒಯ್ಯುವುದು.

ವಜ್ರ ತಾನೊಂದೇ ಇದ್ದರೆ ಸೋಮಾರಿಯಂತೆ. ನಿಧಾನ ಉಗುಳುತ್ತದೆ, ದಿಕ್ಕು ದೆಸೆ ಇಲ್ಲ. ಪಕ್ಕದಲ್ಲಿ ಚಿನ್ನದ ಒಂದು ಕಾಳು ಇಟ್ಟರೆ ಚುರುಕಾಗುತ್ತದೆ. ಆದರೆ ಚಿನ್ನ ತೀರ ಹತ್ತಿರ ಬಂದರೆ ಬೆಳಕನ್ನು ತಾನೇ ನುಂಗಿಬಿಡುತ್ತದೆ. ದೂರ ಹೋದರೆ ಇದ್ದೂ ಇಲ್ಲದಂತೆ. ಒಂದು ಕೂದಲನ್ನು ಸಾವಿರ ಎಳೆಯಾಗಿ ಸೀಳಿದರೆ ಒಂದೆಳೆಗಿಂತ ಕಡಿಮೆ ಜಾಗದಲ್ಲಿ ಈ ಹದ ನೋಡಬೇಕು.

“ಅತ್ತಿ ಸೊಸಿ ಇದ್ದಂಗ,” ಎಂದೆ. “ಒಂದ ಅಂಗಳ ಇರಬೇಕು, ಒಂದ ಒಲಿ ಇರಬಾರದು.”

ರೀಟಾ ಇದನ್ನು ಇಂಗ್ರಿಡ್ ಬಾಯಿಗೆ ಹೇಳಿದಳು. ಆ ಮಾತಿಲ್ಲದ ಹೆಂಗಸು ಕಾಫಿ ಉಗುಳುವಷ್ಟು ನಕ್ಕಳು. ಆಕೆಗೂ ಅತ್ತೆ ಇರಬೇಕು.

ಹದ ಸಿಕ್ಕ ಆ ಗಾಜಿನ ತುಂಡು ಇವರದಲ್ಲ. ಬೇರೆ ಊರಿನ ಪ್ರಯೋಗಶಾಲೆಯಿಂದ ಕೈಗಡ ತಂದದ್ದು. ಮುಂದಿನ ಶುಕ್ರವಾರ ವಾಪಸ್ ಹೋಗಬೇಕು. ಕೈ ಮುರಿದು ರೀಟಾ ಎಷ್ಟೋ ದಿನ ಕಳೆದುಕೊಂಡಿದ್ದಳು. ಉಳಿದ ದಿನಗಳಲ್ಲಿ ಅವಳು ಒಂದೇ ಒಂದು ಸಂಗತಿ ತೋರಿಸಬೇಕಿತ್ತು: ಚಿನ್ನದ ಪಕ್ಕ ಕೂತು ಇಷ್ಟು ಚುರುಕಾದ ಮೇಲೂ ಈ ವಜ್ರ ಒಂದೊಂದೇ ಕಾಳು ಉಗುಳುತ್ತದೆ, ಎರಡಲ್ಲ. ಅದಕ್ಕೆ ಬೆಳಕನ್ನು ಕವಲು ದಾರಿಗೆ ಬಿಟ್ಟು ಎರಡೂ ಕಡೆ ಎಣಿಸುವ ಯಂತ್ರ ಇಟ್ಟಿದ್ದರು. ಒಂದೇ ಕ್ಷಣಕ್ಕೆ ಎರಡೂ ಎಣಿಸದಿದ್ದರೆ ಪರದೆಯ ಮೇಲಿನ ಗೆರೆಯ ನಡುವೆ ಗುಂಡಿ ಬೀಳುತ್ತದೆ. ಗುಂಡಿ ಬಿದ್ದರೆ ಗೆದ್ದಂತೆ. ಗುಂಡಿಗಾಗಿ ಇಷ್ಟು ಒದ್ದಾಡುವವರನ್ನು ನಾನು ಮೊದಲ ಸಲ ನೋಡಿದೆ.

“ಬೀಳಲಿಲ್ಲಂದ್ರ?”

“ನನ್ನ ಪುಸ್ತಕಕ್ಕ ಕಡೀ ಅಧ್ಯಾಯ ಇಲ್ಲ. ಅದಿಲ್ಲಂದ್ರ ಪದವಿ ಇಲ್ಲ. ಬ್ಯಾಸಿಗಿಗೆ ವೀಸಾ ಮುಗೀತೈತಿ. ನಿನ್ನ ಜೋಡಿ ಸೌದಿ ತರಾಕ ಬರ್ತೇನಿ.”

ನಗುತ್ತಲೇ ಹೇಳಿದಳು. ಆದರೆ ಅವತ್ತು ಬುತ್ತಿ ಅರ್ಧ ಉಳಿಯಿತು.

ಕಪ್ಪು ಬಟ್ಟೆ

ಗುಡಿಸಲಿನ ಕಪ್ಪು ಬಟ್ಟೆ ಮೂಲೆಯಲ್ಲಿ ಹರಿದಿತ್ತು. ಎಣಿಸುವ ಯಂತ್ರಗಳು ಇದ್ದದ್ದು ಅದರೊಳಗೇ. ಹೊರಗಿನ ಬೆಳಕು ಹೊಕ್ಕರೆ ಲೆಕ್ಕ ಕೆಡುತ್ತದೆ. ಇಷ್ಟು ಓದಿದವರು ಹರಿದದ್ದಕ್ಕೆ ಅಂಟುಪಟ್ಟಿ ಹಚ್ಚಿದ್ದರು. ಅದು ಬಿಟ್ಟು ಜೋತಾಡುತ್ತಿತ್ತು. ಅದನ್ನು ನೋಡಿ ನೋಡಿ ನನ್ನ ಕೈ ತುರಿಸುತ್ತಿತ್ತು.

“ನಾ ಹೊಲೀತೇನಿ.”

ರೀಟಾ ಇಂಗ್ರಿಡ್ ಬಾಯಿಯನ್ನು ಕೇಳಿ ಬಂದು ಒಪ್ಪಿಗೆ ಕೊಟ್ಟಳು. ಲೇಸರ್ ಎಲ್ಲ ಬಂದ್ ಮಾಡಿ, ದೀಪ ಹಾಕಿ, “ಮೇಜು ಮುಟ್ಟಬ್ಯಾಡ, ಕನ್ನಡಿ ಮುಟ್ಟಬ್ಯಾಡ, ತಂತಿ ಮುಟ್ಟಬ್ಯಾಡ, ಬಟ್ಟಿ ಅಷ್ಟ,” ಎಂದು ಪಾಠ ಹೇಳಿ ಆಚೆ ಹೋದಳು.

ಹೆಲ್ಗಾ ಬಾಯಿ ಗಟ್ಟಿ ಕಪ್ಪು ದಾರ ಕೊಟ್ಟಿದ್ದಳು. ಅವಳ ಪೆಟ್ಟಿಗೆಯಲ್ಲಿ ಕಪ್ಪಿನಲ್ಲೇ ಬೇರೆ ಬೇರೆ ಕಪ್ಪು ಇವೆ. ಎರಡು ಪದರ ಮಡಚಿ, ಹರಿದದ್ದನ್ನು ಹೊಲಿದೆ. ಹೊಲಿದ ಮೇಲೆ ಮೂಲೆಗೆ ಫುಲಾ ಹಾಕದೆ ಬಿಡಲಿಕ್ಕೆ ಮನಸ್ಸಾಗಲಿಲ್ಲ. ಬೆಳಕೇ ಆಗಲಿ, ಬತ್ತಲೆ ಹೊದಿಕೆಯೊಳಗೆ ಯಾಕೆ ಕೂರಬೇಕು? ಕಪ್ಪಿನ ಮೇಲೆ ಕಪ್ಪು ಫುಲಾ, ಯಾರಿಗೂ ಕಾಣುವುದಿಲ್ಲ.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ನಮ್ಮ ಮನೆಯಲ್ಲಿ ಹೊಸ ಯಂತ್ರ ಏನೇ ಬಂದರೂ, ಪಂಪ್‌ಸೆಟ್ಟಾಗಲಿ, ಹೊಲಿಗೆ ಯಂತ್ರವಾಗಲಿ, ಮನೆಯ ಹಿರಿಯಳು ತನ್ನ ಜಪಮಾಲೆ ಅದಕ್ಕೆ ಹಾಕುತ್ತಾಳೆ. ಮೊದಲ ಕೆಲಸ ಪೂರೈಸಿದ ಮೇಲೆ ತಾನೇ ತೆಗೆಯುತ್ತಾಳೆ. ಅಲ್ಲಿಯ ತನಕ ಆ ಮಾತು ಎತ್ತಬಾರದು, ಮಾಲೆ ಕದಲಿಸಬಾರದು. ನನ್ನ ಅತ್ತೆಯ ಕಾಲದಿಂದ ನಡೆದು ಬಂದದ್ದು. ರೀಟಾ ಮೇಜು ಮುಟ್ಟಬೇಡ ಎಂದಿದ್ದಳು, ಮುಟ್ಟಲಿಲ್ಲ. ಗುಡಿಸಲೊಳಗೆ, ಎಣಿಸುವ ಯಂತ್ರದ ಹಿಂದಿನ ಸರಳಿಗೆ, ತಂತಿಗಳ ಸಂದಿಯಲ್ಲಿ ಜಪಮಾಲೆ ಸುತ್ತಿದೆ. ದೀಪದ ಬೆಳಕಿಗೆ ಅದೂ ಒಂದು ತಂತಿಯ ಹಾಗೇ ಕಾಣುತ್ತಿತ್ತು.

ಲೆಕ್ಕ ತಪ್ಪಿದ ದಿನಗಳು

ಮರುದಿನದಿಂದ ಎಲ್ಲ ಹಾಳಾಯಿತು. ಬಟ್ಟೆ ಹರಿದಿದ್ದಾಗ ಪರದೆಯ ಮೇಲೆ ಅರೆಬರೆ ಗುಂಡಿಯಾದರೂ ಬೀಳುತ್ತಿತ್ತಂತೆ. ಈಗ ಗೆರೆ ನೆಲ ಸಾರಿಸಿದ ಹಾಗೆ ಸಪಾಟು. ಎಲ್ಲಿಂದಲೋ ಬೇಡದ ಕಾಳು ಬಂದು ಸೇರುತ್ತಿದ್ದವು.

ರೀಟಾ ವಜ್ರವನ್ನು ಅನುಮಾನಿಸಿದಳು. ಚಿನ್ನವನ್ನು ಅನುಮಾನಿಸಿದಳು. ಕೊನೆಗೆ ತನ್ನನ್ನೇ ಅನುಮಾನಿಸಿದಳು. ಎಡಗೈಯಲ್ಲಿ ಕನ್ನಡಿ ತಿರುಗಿಸುವಾಗ ತಾನೇ ಏನೋ ಕೆಡಿಸಿದ್ದೇನೆ ಎಂದು. ಥಾಮಸ್ ದಿನಕ್ಕೆ ಹತ್ತು ಸಲ ಗುಡಿಸಲಿನ ಬಟ್ಟೆ ಎತ್ತಿ, ದೀಪ ಹಾಕಿ, ಮೇಜಿನ ಮೇಲಿನದೆಲ್ಲ ನೋಡುತ್ತಿದ್ದ. ನೋಡಿ ಮುಚ್ಚಿದ ಮೇಲೆ ಲೆಕ್ಕ ಇನ್ನೂ ಕೆಡುತ್ತಿತ್ತು.

ಒಮ್ಮೆ ಅವನು ಬಟ್ಟೆಯ ಹೊಲಿಗೆ ಕಡೆ ಬೆರಳು ತೋರಿಸಿ ಏನೋ ಅಂದ. ರೀಟಾ ಹಾವಿನ ಹಾಗೆ ತಿರುಗಿದಳು. ಆಮೇಲೆ ನಾನು ಕೇಳಿದೆ.

“ಏನಂದಿ ಅವಗ?”

“ಹೊಲಿಗಿ ಸಂದಿನ್ಯಾಗಿಂದ ಬೆಳಕು ಬರ್ತೈತೇನೋ ಅಂದ. ನಮ್ಮಜ್ಜಿ ಹೊಲಿಗಿಯಾಗ ಬೆಳಕಲ್ಲ, ಗಾಳಿ ಸೈತ ಹಾಯೂದಿಲ್ಲ ಅಂದೆ.”

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಬುಧವಾರ ಅವಳು ಊಟ ಮುಟ್ಟಲಿಲ್ಲ. ಮುರುಗಲ ಸಾರು ಆರಿ ಹೋಯಿತು.

“ಉಣ್ಣು. ಹಸದ್ರ ಗುಂಡಿ ಬೀಳೂದಿಲ್ಲ.”

“ಅಜ್ಜಿ, ಆ ಕಟ್ಟಡದಾಗ ನನ್ನ ಬಣ್ಣದಾಕಿ ನಾ ಒಬ್ಬಾಕಿ. ನಾ ಏನರ ಕೆಡಿಸಿದ್ರ ಮಂದಿ ನೆನಪಿಟ್ಕೋತಾರ.”

“ಚಲೋ ಮಾಡಿದ್ರನೂ ನೆನಪಿಟ್ಕೋತಾರ. ಉಣ್ಣು.”

ಉಂಡಳು. ಆದರೆ ಸಪ್ಪಗೆ ಉಂಡಳು.

ಗುರುವಾರ

ಶುಕ್ರವಾರ ಬೆಳಿಗ್ಗೆ ಗಾಜು ಹೋಗಬೇಕು. ಗುರುವಾರ ಇಂಗ್ರಿಡ್ ಬಾಯಿ ತಾನೇ ಬಂದು ನಿಂತಳು. ಲೇಸರ್ ಬಂದ್ ಮಾಡಿ ಎಂದಳು. ಕೋಣೆಯ ದೀಪ ಆರಿಸಿ ಎಂದಳು. ನಾನು ಸ್ಟೂಲ್ ಮೇಲೆ ಕತ್ತಲಲ್ಲಿ ಕೂತೆ. ಪರದೆಯ ಮೇಲೆ ಅಂಕಿ ಓಡುತ್ತಲೇ ಇತ್ತು.

“ಏನಾತ?” ಎಂದೆ.

“ಲೇಸರ್ ಇಲ್ಲ ಅಜ್ಜಿ. ದೀಪ ಇಲ್ಲ. ವಜ್ರ ಉಗುಳಾಕ ಏನೂ ನುಂಗಿಲ್ಲ. ಆದ್ರೂ ಕಾಳು ಬರಾಕತ್ತಾವ.” ಅವಳ ದನಿ ಸಣ್ಣಗಾಗಿತ್ತು. “ಮತ್ತ ನೋಡು, ಈಗ ದೀಪ ಆರಿಸಿದಾಗ ಭಾಳ ಇದ್ದುವು. ನಿಧಾನಕ್ಕ ಇಳಿಯಾಕತ್ತಾವ. ದೀಪ ಹಾಕಿ ಗುಡಿಸಲ ತೆಗದು ಮುಚ್ಚಿದ್ರ ಮತ್ತ ಏರ್ತಾವ.”

ದೀಪದಲ್ಲಿ ಕುಡಿದು, ಕತ್ತಲಲ್ಲಿ ಉಗುಳಿ, ನಿಧಾನಕ್ಕೆ ಆರುವುದು. ಇದು ನನಗೆ ಗೊತ್ತಿರುವ ಲೆಕ್ಕ. ಕರೆಂಟು ಹೋದ ತಕ್ಷಣ ಕೈಗೆರೆ ಕಾಣುವಷ್ಟು ಹೊಳೆಯುತ್ತದೆ. ಜಪ ಅರ್ಧ ಮುಗಿಯುವ ಹೊತ್ತಿಗೆ ಮಂಕು. ಕೊನೆಗೆ ಬೆರಳಿಗೆ ಮಾತ್ರ ಗೊತ್ತು.

ಕತ್ತಲಲ್ಲೇ ನನ್ನ ಬರಿಗೊರಳು ಮುಟ್ಟಿಕೊಂಡೆ.

ಸುಮ್ಮನಿರಬಹುದಿತ್ತು. ಅವರು ಊಟಕ್ಕೆ ಹೋದಾಗ ತೆಗೆದು ಸೆರಗಿಗೆ ಕಟ್ಟಿಕೊಂಡರೆ ಮುಗಿಯಿತು. ಆದರೆ ರೀಟಾ ಹಿಂದಿನ ದಿನವೇ ಹೇಳಿದ್ದಳು, ಯಾಕೆ ಕೆಟ್ಟಿತು ಎಂದು ಗೊತ್ತಾಗದೆ ತಾನಾಗಿ ಸರಿಹೋದ ಲೆಕ್ಕವನ್ನು ಇಲ್ಲಿ ಯಾರೂ ಲೆಕ್ಕ ಎನ್ನುವುದಿಲ್ಲ ಎಂದು. ಹೇಳಿದರೆ ಅವಳ ಮಾನ, ಹೇಳದಿದ್ದರೆ ಅವಳ ಅಧ್ಯಾಯ. ಮಾನ ಮತ್ತೆ ಗಳಿಸಬಹುದು. ಗಾಜು ನಾಳೆ ಹೋಗುತ್ತದೆ.

“ರೀಟಾ, ದೀಪ ಹಾಕಬ್ಯಾಡ. ಆ ಬಟ್ಟಿ ಎತ್ತು. ಯಂತ್ರದ ಹಿಂದ ನೋಡು.”

ಎತ್ತಿದಳು. ಗುಡಿಸಲಿನ ಒಳಗೆ ಹಸಿರು ಮಣಿಗಳು, ಕೊನೆಗೆ ಹಸಿರು ಶಿಲುಬೆ, ತಣ್ಣಗೆ ಹೊಳೆಯುತ್ತಿದ್ದವು.

“ಅದು ನಂದು,” ಎಂದೆ. “ಚಲೋ ಆಗ್ಲಿ ಅಂತ ಹಾಕಿದ್ದೆ. ನಿನ್ನ ಬಾಯಾರಿಗೆ ಹೇಳು, ತಪ್ಪು ನಿಂದಲ್ಲ, ನಂದು ಅಂತ.”

ರೀಟಾ ಇಂಗ್ರಿಡ್ ಬಾಯಿಯ ಕಡೆ ತಿರುಗಿದಳು. ಅವಳು ಏನು ಬೇಕಾದರೂ ಹೇಳಬಹುದಿತ್ತು. ನನಗೆ ತಿಳಿಯುತ್ತಿರಲಿಲ್ಲ. ಯಾವುದೋ ದೀಪ ಮರೆತಿದ್ದೆವು ಎಂದರೂ ನಡೆಯುತ್ತಿತ್ತು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಅದರಲ್ಲಿ ನನಗೆ ಗೊತ್ತಿದ್ದದ್ದು ಎರಡೇ ಶಬ್ದ: ಮೈ ಗ್ರ್ಯಾಂಡ್‌ಮದರ್. ಅವೆರಡನ್ನೂ ತಲೆ ಎತ್ತಿ ಹೇಳಿದಳು.

ಇಂಗ್ರಿಡ್ ಬಾಯಿ ಬೈಯುತ್ತಾಳೆ ಎಂದು ಕಾದೆ. ಆಕೆ ಗುಡಿಸಲೊಳಗೆ ಬಗ್ಗಿ, ಮಣಿಗಳನ್ನು ನೋಡುತ್ತ ಏನೋ ಕೇಳಿದಳು.

“ಏನಂತ?”

“ಎಷ್ಟೊತ್ತಿನ ತನಕ ಹೊಳೀತೈತಿ ಅಂತ ಕೇಳ್ತಾರ.”

“ಒಂದು ಜಪ ಮುಗಿಯೂ ತನಕ ಅನ್ನು.”

ಈ ಜನಕ್ಕೆ ತಲೆ ಸರಿಯಿಲ್ಲ. ನಾಳೆ ಗಾಜು ಹೋಗಬೇಕು, ಇವರು ನನ್ನ ಜಪಮಾಲೆಗೆ ದೀಪ ಹಿಡಿದು, ಆರಿಸಿ, ಅದು ಇಳಿಯುವುದನ್ನು ಪರದೆಯ ಮೇಲೆ ಬರೆಸತೊಡಗಿದರು. ಥಾಮಸ್ ಮಣಿ ಎಣಿಸುತ್ತಿದ್ದ. ಕೊನೆಗೆ ರೀಟಾ ಕೂಗಿದಳು. ಮೇಲಿನವಳ ಮೇಲೆ ಅವಳು ಕೂಗಿದ್ದು ಅದೇ ಮೊದಲಂತೆ. ನಾನು ಮಾಲೆ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿ ಆಚೆ ಹೋಗಿ ಕೂತೆ. ಮೊದಲ ಕೆಲಸ ಪೂರೈಸುವ ಮುಂಚೆ ತೆಗೆದೆ, ನಿಯಮ ಮುರಿಯಿತು. ಅತ್ತೆ ಮೇಲಿನಿಂದ ನೋಡಿದ್ದರೆ ನೋಡಲಿ, ಒಲೆಯಂತೂ ಈಗ ಬೇರೆ ಬೇರೆ.

ಊಟದ ಹೊತ್ತು ದಾಟಿ ಎಷ್ಟೋ ಆದ ಮೇಲೆ ಬಾಗಿಲು ತೆರೆಯಿತು. ರೀಟಾ ನನ್ನನ್ನು ಒಳಗೆ ಎಳೆದುಕೊಂಡು ಹೋದಳು. ಪರದೆಯ ಮೇಲೆ ಗೆರೆ, ಗೆರೆಯ ನಡುವೆ ಗುಂಡಿ. ಸಣ್ಣದಲ್ಲ. ಎತ್ತಿನಗಾಡಿ ಸಿಕ್ಕಿಕೊಳ್ಳುವಂಥದ್ದು, ಹೆಚ್ಚುಕಡಿಮೆ ತಳ ಮುಟ್ಟಿತ್ತು.

“ಇಷ್ಟು ಆಳ ಮೊದಲೂ ಬಿದ್ದಿದ್ದಿಲ್ಲ ಅಜ್ಜಿ. ಬಟ್ಟಿ ಹರದಾಗಿಂದ ಬೆಳಕು ಸೋರತಿತ್ತಲ್ಲ, ಅದೂ ಈಗ ನಿಂತೈತಿ.”

“ಹೊಲಿಗಿ ಯಾರದು?” ಎಂದೆ.

ಅವಳು ನನ್ನ ಭುಜಕ್ಕೆ ಪ್ಲಾಸ್ಟರಿನ ಕೈಯಿಂದ ಗುದ್ದಿದಳು. ನೋವಾಯಿತು. ಬುತ್ತಿ ಬಿಚ್ಚಿ ನಾಲ್ವರೂ ಉಂಡೆವು. ಇಂಗ್ರಿಡ್ ಬಾಯಿ ಚಟ್ನಿಪುಡಿ ಹೆಚ್ಚು ಹಾಕಿಕೊಂಡು ಕಣ್ಣೀರು ಸುರಿಸಿದಳು. ಗಾಜು ಮರುದಿನ ಹೋಯಿತು.

ವಾಪಸ್

ಹೊರಡುವ ದಿನ ರೀಟಾಳ ಪ್ಲಾಸ್ಟರ್ ತೆಗೆದಿದ್ದರು. ಹೆಲ್ಗಾ ಬಾಯಿಗೆ ಕೌದಿ ಕೊಟ್ಟು ಬಂದೆ. ಈಗ ಅವಳು ಭಾನುವಾರ ಸದ್ದಿಲ್ಲದೆ ಫುಲಾ ಹೊಲಿಯಲಿ.

ಪ್ರಯೋಗಶಾಲೆಯ ಬಾಗಿಲಲ್ಲಿ ತಿಂಡಿ ಬೇಡ, ಫೋನ್ ಬೇಡ ಎಂದು ಕೆಂಪು ಗೀಟು ಹೊಡೆದ ಚಿತ್ರಗಳಿವೆ. ಅವುಗಳ ಕೆಳಗೆ ಥಾಮಸ್ ಹೊಸದೊಂದು ಅಂಟಿಸಿದ್ದಾನೆ: ಜಪಮಾಲೆ, ಅದರ ಮೇಲೆ ಕೆಂಪು ಗೀಟು. ರೀಟಾಗೆ ಸಿಟ್ಟು ಬಂತು. ನಾನು ಇರಲಿ ಬಿಡು ಎಂದೆ. ಮಣಿಗಳನ್ನು ಚೆನ್ನಾಗಿ ಬಿಡಿಸಿದ್ದ.

ಜಪಮಾಲೆ ಅಲ್ಲೇ ಉಳಿಯಿತು. ಇಂಗ್ರಿಡ್ ಬಾಯಿ ಕೇಳಿದಳು, ಇಲ್ಲ ಎನ್ನಲಾಗಲಿಲ್ಲ. ಈಗ ಹೊಸ ಗುಡಿಸಲು ಕಟ್ಟಿದಾಗೆಲ್ಲ ಅದನ್ನು ದೀಪಕ್ಕೆ ಹಿಡಿದು ಹೊರಗಿಡುತ್ತಾರಂತೆ. ಒಳಗಿನ ಯಂತ್ರ ಅದನ್ನು ಎಣಿಸದಿದ್ದರೆ ಬಟ್ಟೆ ಸೋರುವುದಿಲ್ಲ ಎಂದು ಖಾತ್ರಿ. ಉಳಿದ ಹೊತ್ತು ಡಬ್ಬಿಯಲ್ಲಿ.

ರೀಟಾ ಕೊನೆಯ ಅಧ್ಯಾಯ ಬರೆದು ಮುಗಿಸಿದ್ದಾಳೆ. ಪದವಿ ಕೊಡುವ ದಿನ ಬಾ ಎಂದು ಕರೆಯುತ್ತಾಳೆ. ಆ ಇಟ್ಟಿಗೆ ತಿನ್ನಲಿಕ್ಕೆ ಮತ್ತೆ ಯಾರು ಹೋಗುತ್ತಾರೆ? ಆದರೂ ಪಾಸ್‌ಪೋರ್ಟನ್ನು ಟ್ರಂಕಿನ ಮೇಲೇ ಇಟ್ಟಿದ್ದೇನೆ.

ಇಲ್ಲಿ ಕರೆಂಟು ಮೊದಲಿನ ಹಾಗೇ ಹೋಗುತ್ತದೆ. ನಾನು ಕತ್ತಲಲ್ಲಿ ಕೂತು ಬೆರಳ ಗೆಣ್ಣಿನ ಮೇಲೆ ಜಪ ಎಣಿಸುತ್ತೇನೆ, ಒಂದೊಂದೇ. ಬೆಂಕಿಪೆಟ್ಟಿಗೆ ಸಿಗುವುದಿಲ್ಲ. ಹೊಸ ಜಪಮಾಲೆ ತಾ ಎಂದು ರೀಟಾಗೆ ಹೇಳಿದ್ದೇನೆ. ಕತ್ತಲಲ್ಲಿ ಹೊಳೆಯದ್ದನ್ನು ತಂದರೆ ವಾಪಸ್ ಕಳಿಸುತ್ತೇನೆ.